ಪಕ್ಕದ ಮನೆ ಆಂಟಿಯ ಜಿಗಿಯುವ ಟ್ರ್ಯಾಕ್ಟರು

ಕಿವಿಯ ಮೇಲಂಚಿನಲ್ಲಿ ಮುತ್ತಿನ ಬುಗುಡಿ, ಬುಗುಡಿಯ ಮೇಲೆ ಕಿತ್ತಳೆ ಬಣ್ಣದ ಇಯರ್‌ಮಫ್. ಟ್ರ್ಯಾಕ್ಟರಿನ ಸದ್ದಿಗೆ ಕಿವಿ ಹಾಳಾದೀತೆಂದು ಮಗಳು ತಂದುಕೊಟ್ಟದ್ದು. ಹಾಕಿಕೊಂಡರೆ ಬುಗುಡಿ ಒತ್ತಿ ನೋಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ಬುಗುಡಿ ಬಿಚ್ಚಿಡುತ್ತಿದ್ದರು. ಪಕ್ಕದ ಮನೆ ಆಂಟಿ ಕತ್ತರಿ ತೆಗೆದುಕೊಂಡು ಇಯರ್‌ಮಫ್‌ನ ಸ್ಪಂಜಿನಲ್ಲಿ ಬುಗುಡಿಯಳತೆಯ ತೂತು ಕೊರೆದರು. ಆ ತೂತಿನಿಂದ ಟ್ರ್ಯಾಕ್ಟರಿನ ಸದ್ದು ಪೂರ್ತಿ ಒಳಗೆ ಹೋಗುತ್ತಿತ್ತು ಅನ್ನುವುದು ಬೇರೆ ಮಾತು. "ಮತ್ತೆ ಅದನ್ನ ಯಾಕೆ ಹಾಕ್ಕೋತೀರಿ ಆಂಟಿ?" ಅಂತ ಕೇಳಿದರೆ, "ಮಗಳು ಕೊಟ್ಟಾಳಲ್ಲೋ ತಮ್ಮಾ," ಅಂದರು.

ಟೆಕ್ಸಸ್‌ನಲ್ಲಿ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಈ ಹಳೇ ಬಡಾವಣೆಗೆ ನಾವು ಬಂದ ಮೊದಲ ವಾರ. ನಾನು ಅಡುಗೆಮನೆ ಕಿಟಕಿಯ ಹತ್ತಿರ ನಿಂತು, ಮನೆಯ ಅಡಿಪಾಯದ ಬಿರುಕು ನಿನ್ನೆಗಿಂತ ಅಗಲವಾಗಿದೆಯೇ ಎಂದು ಚಿಂತಿಸುತ್ತಿದ್ದೆ. ಚಿಂತೆ ನನಗೆ ಹವ್ಯಾಸವಲ್ಲ, ಕಸುಬು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಏನು ಕೆಡಬಹುದು ಎಂದು ಊಹಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ; ಸಂಜೆ ಐದರ ಮೇಲೆ ಅದೇ ಕೆಲಸವನ್ನು ಮನೆಮಂದಿಗೆ ಪುಕ್ಕಟೆ ಮಾಡುತ್ತೇನೆ. ಅಷ್ಟರಲ್ಲಿ ಬೇಲಿಯ ಆಚೆ ಒಂದು ಆಕೃತಿ ಹಾದುಹೋಯಿತು. ಕೆಳಗೆ ಗಂಡಸರ ಖಾಕಿ ಪ್ಯಾಂಟು, ಮೇಲೆ ಹೂವಿನ ನೈಟಿ, ಹಣೆಯಲ್ಲಿ ವಿಭೂತಿ, ಕಿವಿಗೆ ಕಿತ್ತಳೆ ಬಟ್ಟಲು, ಕೂತದ್ದು ಕೆಂಪು ಬಣ್ಣ ಅರ್ಧ ಉದುರಿದ ಪುಟ್ಟ ಟ್ರ್ಯಾಕ್ಟರಿನ ಮೇಲೆ. ನಾನು ಹೆಂಡತಿಯನ್ನು ಕೂಗಿದೆ. ಅವಳು ಬಂದು ನೋಡಿ, "ಯಾರೋ ನಮ್ಮವರೇ," ಅಂದಳು. ನನ್ನ ಆಘಾತಗಳಿಗೆ ಅವಳು ಕೊಡುವ ಬೆಲೆ ಅಷ್ಟೇ.

ಆಂಟಿ ಗದಗ ಕಡೆಯವರು. ಗಂಡ ಹೆಂಡತಿ ಸೇರಿ ಊರೊಳಗೆ ಒಂದು ಲಾಂಡ್ರಿ ನಡೆಸಿದ್ದರು. ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವಂಥದ್ದು. ಗಂಡ ತೀರಿಕೊಂಡ ಮೇಲೆ ಲಾಂಡ್ರಿ ಮಾರಿ, ಮನೆಯ ಹಿಂದಿನ ಅರ್ಧ ಎಕರೆಯನ್ನು ಮಾತ್ರ ಇಟ್ಟುಕೊಂಡಿದ್ದರು. ಅದರಲ್ಲಿ ಅರ್ಧ ಹುಲ್ಲು, ಇನ್ನರ್ಧ ಪುಂಡಿಪಲ್ಲೆ, ಬದನೆ, ಮೆಣಸು. ಡಾಲಸ್ ಸುತ್ತಿನ ಕಪ್ಪು ಜೇಡಿಮಣ್ಣನ್ನು ನಾವೆಲ್ಲ ಬೈಯುತ್ತೇವೆ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮನೆಗಳ ಅಡಿಪಾಯ ಅಲುಗಿಸುತ್ತದೆ. ಆಂಟಿ ಒಂದು ಹೆಂಟೆ ಎತ್ತಿ ಮೂಗಿನ ಹತ್ತಿರ ಹಿಡಿದು, "ನಮ್ಮ ಎರಿ ಭೂಮೀನ ಐತಿ ನೋಡು. ಇಷ್ಟ ದೂರ ಬಂದು ಮತ್ತ ಅದಕ್ಕ ಗಂಟು ಬಿದ್ನಿ," ಅನ್ನುತ್ತಿದ್ದರು. ಆ ಟ್ರ್ಯಾಕ್ಟರಿನಲ್ಲೇ ಹುಲ್ಲು ಕತ್ತರಿಸುವುದು, ಅದರ ಹಿಂದೆ ಸಣ್ಣ ನೇಗಿಲು ಕಟ್ಟಿ ಉಳುವುದು. ಅದು ನನ್ನ ಮದುವೆಗಿಂತ ಹಳೆಯದು. ನನ್ನ ಹೆಂಡತಿಯ ಪ್ರಕಾರ ಮದುವೆಗಿಂತ ಗಟ್ಟಿಯಾದದ್ದು.

ಅವರ ಬಗ್ಗೆ ನನಗೆ ಮೊದಲ ನಿಜವಾದ ಆಘಾತವಾದದ್ದು ಒಂದು ಯುಗಾದಿಯ ಮರುದಿನ. ಪಕ್ಕದ ಊರು ಕಾಪೆಲ್‌ನ ಪಾರ್ಕಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಊಟ ಮಾಡಿದ್ದೆವು. ಬೆಳಗಾಗುವಷ್ಟರಲ್ಲಿ ಅರ್ಧ ಊರಿಗೆ ಹೊಟ್ಟೆನೋವು. ವಾಟ್ಸಾಪ್ ಗುಂಪಿನಲ್ಲಿ ತನಿಖೆ ಶುರುವಾಯಿತು. ಆಗಷ್ಟೇ ಬೆಂಗಳೂರಿಂದ ಬಂದಿದ್ದ ಹುಡುಗಿಯೊಬ್ಬಳು ಪನೀರಿನ ಪಲ್ಯ ತಂದಿದ್ದಳು. ಯಾರೂ ಅವಳ ಹೆಸರು ಹೇಳಲಿಲ್ಲ, "ಪನೀರ್ ಸ್ವಲ್ಪ ಹುಳಿ ಇತ್ತಾ?" ಅಂತ ಒಬ್ಬರು, "ಹೊಸಬರಿಗೆ ಇಲ್ಲಿನ ಶೆಕೆ ಗೊತ್ತಿರಲ್ಲ ಪಾಪ," ಅಂತ ಇನ್ನೊಬ್ಬರು. ಆ ಹುಡುಗಿ ಸಾರಿ ಎಂದು ಬರೆಯುವುದೊಂದು ಬಾಕಿ. ಆಗ ಆಂಟಿಯ ಧ್ವನಿಸಂದೇಶ ಬಂತು. ಟ್ರ್ಯಾಕ್ಟರಿನ ಮೇಲಿಂದಲೇ ಮಾತಾಡುವಷ್ಟು ಜೋರು.

"ಆ ಹುಡುಗೀನ ಯಾಕ ಅಂತೀರಿ? ಅದು ನನ್ನ ಮೊಸರಬುತ್ತಿರೀ. ಮುಂಜಾನಿಯಿಂದ ಕಾರಿನ ಡಿಕ್ಕಿಯೊಳಗ ಮರ್ತು ಬಿಟ್ಟಿದ್ನಿ. ವಾಸನಿ ಬಂದಿತ್ತು, ಒಗ್ಗರಣಿ ಜಾಸ್ತಿ ಹಾಕೀನಿ, ಹೋಗ್ತದ ಅಂದ್ಕೊಂಡ್ನಿ. ಎಲ್ಲಾರೂ ಮಜ್ಜಿಗಿ ಕುಡೀರಿ."

ಗುಂಪು ಎರಡು ದಿನ ಸುಮ್ಮನಾಯಿತು. ನಾನು ಫೋನು ಹಿಡಿದು ಬಚ್ಚಲಮನೆಯಲ್ಲಿ ಕೂತೇ ದಂಗಾಗಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ, ಯಾರೂ ಕೇಳದೆ, ಯಾರಿಗೂ ಅನುಮಾನವೇ ಬರದಿರುವಾಗ, "ಆ ತಪ್ಪು ನಂದು" ಅಂತ ತಾನಾಗಿ ಎದ್ದುನಿಂತ ಒಂದು ಪ್ರಾಣಿಯನ್ನೂ ನಾನು ನೋಡಿರಲಿಲ್ಲ. ನಾವು ಮೊದಲು ಸರ್ವರ್ ಮೇಲೆ ಹಾಕುತ್ತೇವೆ. ಆಮೇಲೆ ಹೈದರಾಬಾದ್ ಟೀಮಿನ ಮೇಲೆ.

ಆಮೇಲೊಮ್ಮೆ ಅದರ ಮಾತು ತೆಗೆದಾಗ ಆಂಟಿ ಲಾಂಡ್ರಿಯ ಕತೆ ಹೇಳಿದರು. ಗಿರಾಕಿಗಳು ಕಿಸೆಯೊಳಗೆ ಮೊಳೆ, ನಟ್ಟು, ಲಿಪ್‌ಸ್ಟಿಕ್ ಎಲ್ಲ ಬಿಟ್ಟು ಬಟ್ಟೆ ತುಂಬುತ್ತಿದ್ದರಂತೆ. ಬಟ್ಟೆ ಹರಿದರೆ, ಕಲೆಯಾದರೆ ಮಷೀನಿಗೆ ಒದೆಯುತ್ತಿದ್ದರಂತೆ. "ಒದ್ದವರಿಗೆಲ್ಲ ನಾನು ಒಂದ ಮಾತು ಹೇಳತಿದ್ನಿ. ಮೊದಲ ನಿನ್ನ ಕಿಸೆ ನೋಡ್ಕೋ. ಮಷೀನಿಗೆ ಬಾಯಿಲ್ಲ. ಬಾಯಿಲ್ಲದ್ದರ ಮ್ಯಾಲೆ ಸುಳ್ಳು ಹೇಳಬಾರದು."

ಕೆಲವು ವರ್ಷಗಳ ಹಿಂದೆ, ಒಂದು ವಸಂತದಲ್ಲಿ ಟ್ರ್ಯಾಕ್ಟರು ಜಿಗಿಯತೊಡಗಿತು. ಕಿಟಕಿಯಿಂದಲೇ ನೋಡಿದ್ದೆ, ಆಂಟಿ ಪೆಡಲ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಗೇ ಬೆಚ್ಚಿದ ಎಮ್ಮೆಯ ಹಾಗೆ ನುಗ್ಗುತ್ತದೆ. ಆಂಟಿಯ ಕುತ್ತಿಗೆ ಹಿಂದಕ್ಕೆ ಹೊಡೆಯುತ್ತದೆ. ಹೇಳಬೇಕು ಅಂದುಕೊಂಡೆ. ಹೇಳುವುದು ಹೇಗೆ ಎಂಬ ಚಿಂತೆಯಲ್ಲಿ ಒಂದು ವಾರ ಕಳೆದೆ. ಒಂದು ಮಂಗಳವಾರ ಮಧ್ಯಾಹ್ನ ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದಾಗ ಹಿತ್ತಲಲ್ಲಿ ಧಡಾರ್ ಎಂದಿತು. ಓಡಿಹೋಗಿ ನೋಡಿದರೆ ಬೇಲಿಯ ನಾಲ್ಕಾರು ಹಲಗೆ ನೆಲಕ್ಕೆ ಬಿದ್ದಿವೆ, ಟ್ರ್ಯಾಕ್ಟರಿನ ಮೂತಿ ನಮ್ಮ ಕರಿಬೇವಿನ ಕುಂಡದ ಮುಂದೆ ಬಂದು ನಿಂತಿದೆ. ಮೇಲೆ ಆಂಟಿ. ಬುಗುಡಿಯ ಮುತ್ತು ಇನ್ನೂ ಅದುರುತ್ತಿತ್ತು.

"ಅಂಜಬ್ಯಾಡ ತಮ್ಮಾ," ಅಂದರು. "ನಾನ ಅದೀನಿ."

ಕಳ್ಳ ಬಂದಿದ್ದರೆ ನನಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಆಂಟಿಯ ಹಿತ್ತಲಲ್ಲಿ ಮಗಳು ಹಾಕಿಸಿದ್ದ ಕ್ಯಾಮೆರಾ ಇತ್ತು. ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿರುವ ಮಗಳು ಆಫೀಸಿನಲ್ಲಿ ಕೂತೇ ಅದನ್ನೆಲ್ಲ ನೋಡಿದ್ದಳು. ಆಂಟಿ ಇಳಿಯುವ ಮೊದಲೇ ಫೋನು ಬಂತು. ಸ್ಪೀಕರಿಗೆ ಹಾಕಿದರು, ಅವರಿಗೆ ಗುಟ್ಟೆಂಬುದು ಗೊತ್ತಿಲ್ಲ.

"ಅವ್ವಾ, ಐ ಆಮ್ ಡನ್. ಶನಿವಾರ ಬರ್ತೀನಿ. ಅಷ್ಟರೊಳಗ ಅದು ಸ್ಮೂತ್ ಆಗಿದ್ರ ಸರಿ. ಇಲ್ಲಾಂದ್ರ ಟ್ರ್ಯಾಕ್ಟರ್ ಹೋಗ್ತದ, ಮನಿ ಮಾರ್ತೀವಿ, ನೀನು ನನ್ನ ಜೊತಿ ಬರ್ತಿ. ನೋ ಡಿಸ್ಕಶನ್."

"ಬಂದು ಅಲ್ಲೇನು ಮಾಡ್ಲಿ?"

"ರೆಸ್ಟ್ ಮಾಡು!"

ಫೋನಿಟ್ಟ ಮೇಲೆ ಆಂಟಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರು ಹೆದರಿದ್ದನ್ನು ನಾನು ನೋಡಿದ್ದು ಆಗಲೇ. "ಅಕಿ ಮನ್ಯಾಗ ನೆಲಾನ ಇಲ್ಲೋ ತಮ್ಮಾ. ಚಾಪಿ ಹಾಸಿದಂಗ ಹುಲ್ಲು ಹಾಸ್ಯಾರ. ಅದನ್ನೂ ಬ್ಯಾರೇವ್ರು ಬಂದು ಕತ್ತರಿಸಿ ಹೋಗ್ತಾರ. ನಾ ಕಿಟಕ್ಯಾಗ ಕುಂತು ನೋಡಬೇಕು." ಆಮೇಲೆ ನನ್ನ ಕಡೆ ತಿರುಗಿ, "ನೀ ರಿಪೇರಿ ಮಾಡು," ಅಂದರು.

ನಾನು ಬಲ್ಬು ಬದಲಿಸುವ ಮುನ್ನ ವೀಡಿಯೊ ನೋಡುವವನು.

"ಅಂಗಡಿಯವ್ರನ್ನ ಕೇಳಿ ಆಂಟಿ."

"ಕೇಳೀನಿ. ಇಷ್ಟ ಹಳೇದು ಮುಟ್ಟಂಗಿಲ್ಲ ಅಂದ್ರು. ನೀ ದಿನಾ ಮಂದಿ ಮಾಡಿದ್ದರಾಗ ತಪ್ಪು ಹುಡುಕ್ತಿಯಲ್ಲ, ಇದರಾಗೂ ಹುಡುಕು."

ಬೇಡ ಅನ್ನಲು ಬಾಯಿ ತೆರೆದೆ. ಬೇಲಿಯ ಸಂದಿಯಿಂದ ನನ್ನ ಹೆಂಡತಿ, "ಮಾಡ್ತಾರೆ ಆಂಟಿ, ಹೆಂಗೂ ರಾತ್ರಿಯೆಲ್ಲ ಎದ್ದೇ ಇರ್ತಾರೆ," ಅಂದುಬಿಟ್ಟಳು.

ಹೀಗೆ ನಾನು ಹಳೇ ಟ್ರ್ಯಾಕ್ಟರಿನ ಕೆಳಗೆ ರಟ್ಟು ಹಾಸಿಕೊಂಡು ಮಲಗಿದೆ. ಈ ಗಾಡಿಗೆ ಗೇರುಗಳಿಲ್ಲ. ಪೆಡಲಿಗೆ ಒಂದು ಸರಳು, ಸರಳಿನ ತುದಿಗೆ ಕೀಲಿನ ಮೇಲೆ ತಿರುಗುವ ಒಂದು ತಗಡು. ಪೆಡಲನ್ನು ಎಷ್ಟು ಒತ್ತುತ್ತೇವೋ ತಗಡು ಅಷ್ಟು ತಿರುಗುತ್ತದೆ, ತಗಡು ತಿರುಗಿದಷ್ಟು ಗಾಡಿ ಓಡುತ್ತದೆ. ನಡುವೆ ಎಲ್ಲಾದರೂ ಬಿಗಿ ಹಿಡಿದರೆ ಕಾಲಿನ ಒತ್ತಡ ಕೂಡಿಕೊಂಡು ಕೂಡಿಕೊಂಡು ಒಮ್ಮೆಗೇ ಬಿಡುತ್ತದೆ. ಅದೇ ಜಿಗಿತ. ಇಷ್ಟು ಅರ್ಥವಾಗಲು ನನಗೆ ಒಂದೂವರೆ ದಿನ ಬೇಕಾಯಿತು. ಆ ಅವಧಿಯಲ್ಲಿ ಜ್ಯಾಕು ಜಾರಿ ನನ್ನ ಮೇಲೆ ಬೀಳುವ ಸಾಧ್ಯತೆಯನ್ನೂ, ನನ್ನ ಲೈಫ್ ಇನ್ಶೂರೆನ್ಸಿನಲ್ಲಿ ಟ್ರ್ಯಾಕ್ಟರು ಒಳಗೊಂಡಿದೆಯೇ ಎಂಬುದನ್ನೂ ಕೂಲಂಕಷವಾಗಿ ಯೋಚಿಸಿದ್ದೆ.

ಕೀಲಿನ ಸುತ್ತ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಗ್ರೀಸಲ್ಲ. ಟಾರೂ ಅಲ್ಲ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಪದರು ಪದರಾಗಿ ಎದ್ದು ಬಂತು. ಒಂದು ಪದರು ಹಳದಿ, ಒಂದು ಕೆಂಪು. ಮೂಗಿಗೆ ಹಿಡಿದೆ. ಪರಿಚಿತ ವಾಸನೆ, ಆದರೆ ಇಲ್ಲಿರಬಾರದ ವಾಸನೆ.

"ಆಂಟಿ, ಇದು ಕೊಬ್ಬರಿ ವಾಸನೆ ಬರ್ತಿದೆ!"

ಆಂಟಿ ಬದನೆಗಿಡದ ಹತ್ತಿರದಿಂದಲೇ, "ಬರಬೇಕಲ್ಲ ಮತ್ತ," ಅಂದರು. "ವರ್ಷಾ ಆಯುಧ ಪೂಜಾಕ್ಕ ಅದರ ಕಾಲಿಗೆ ಕಾಯಿ ಒಡದು ನೀರು ಹಾಕ್ತೀನಿ."

"ಟ್ರ್ಯಾಕ್ಟರಿಗೆ ಕಾಲೆಲ್ಲಿದೆ ಆಂಟಿ? ಚಕ್ರ ಅಲ್ವಾ?"

"ಚಕ್ರ ಚಪ್ಪಲಿ ಇದ್ದಂಗ. ಪೆಡಲ್ ಇರೋದು ಕಾಲಾಗಲ್ಲೇನು? ಅಲ್ಲೇ ಅರಿಷಿಣ, ಕುಂಕುಮ, ಮ್ಯಾಲೆ ಕಾಯಿ ನೀರು."

ನಾನು ರಟ್ಟಿನ ಮೇಲೆ ಮಲಗಿಯೇ ಲೆಕ್ಕ ಹಾಕಲು ಹೋಗಿ ಬಿಟ್ಟೆ. ವರ್ಷವರ್ಷವೂ ಕಾಯಿನೀರಿನ ಸಕ್ಕರೆ, ಅರಿಶಿನ, ಕುಂಕುಮ, ಮೇಲೆ ಟೆಕ್ಸಸ್‌ನ ಬಿಸಿಲು. ಯಾವ ಕಂಪನಿಯೂ ಇಂಥ ಗೋಂದು ಮಾಡಿರಲಾರದು. ಈ ಮಾದರಿಯ ಟ್ರ್ಯಾಕ್ಟರುಗಳ ಬಗ್ಗೆ ಅಷ್ಟು ವೀಡಿಯೊ ನೋಡಿದ್ದೆನಲ್ಲ, ಅರಿಶಿನ ಕುಂಕುಮದಿಂದ ಡ್ರೈವ್ ಕೆಟ್ಟದ್ದು ಒಂದರಲ್ಲೂ ಇರಲಿಲ್ಲ. ನಾನು ವಿಷಯ ಹೇಳಿದಾಗ ಆಂಟಿ ಹತ್ತಿರ ಬಂದರು, ಬಗ್ಗಿ ನೋಡಿದರು, ನಕ್ಕರು. ಆಮೇಲೆ ನಗು ನಿಲ್ಲಿಸಿ ಸೀಟಿನ ಮೇಲೆ ತಟ್ಟಿದರು. "ಮುಂಜಾನೆ ಇದಕ್ಕ ಸುಡಗಾಡು ಅಂತ ಬೈದ್ನಿ. ನನ್ನ ಪೂಜಾನ ಇದರ ಕಾಲು ಹಿಡದೈತಿ. ತಪ್ಪಾತಪಾ." ಕೊನೆಯ ಮಾತು ನನಗಲ್ಲ, ಟ್ರ್ಯಾಕ್ಟರಿಗೆ.

ಅಂಟು ತೆಗೆದೆ. ಕೀಲಿನ ರಂಧ್ರ ಸವೆದು ಮೊಟ್ಟೆಯಾಕಾರವಾಗಿತ್ತು. ಒಳಗೆ ಬುಷ್ ಎಂಬ ಹೊಸ ಹಿತ್ತಾಳೆ ಬಳೆ ಕೂರಿಸಿದೆ. ಸರಳಿನ ಎರಡೂ ತುದಿಯ ಗುಂಡುಕೀಲು ಬದಲಿಸಿ ಗ್ರೀಸು ಹಚ್ಚಿದೆ. ಶುಕ್ರವಾರ ಮಧ್ಯಾಹ್ನ ನಾನೇ ಹತ್ತಿ ಕೂತು, ದೇವರ ನೆನೆದು ಪೆಡಲ್ ಒತ್ತಿದೆ. ಗಾಡಿ ದೋಣಿಯ ಹಾಗೆ ತೇಲಿತು. ಮುಂದೆ, ಹಿಂದೆ, ನಿಧಾನ, ಇನ್ನೂ ನಿಧಾನ. ನನ್ನ ಜೀವಮಾನದಲ್ಲಿ ನಾನು ಕೈಯಾರೆ ಸರಿಮಾಡಿದ ಮೊದಲ ವಸ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಫೋಟೊ ತೆಗೆದಳು. ಅದರಲ್ಲೂ ನಾನು ಗಾಬರಿಯಾದವನ ಹಾಗೇ ಇದ್ದೇನೆ.

ಆಂಟಿ ಇಯರ್‌ಮಫ್ ಏರಿಸಿಕೊಂಡು ಹತ್ತಿದರು. ಪೆಡಲ್ ಒತ್ತಿದರು. ಏನೂ ಆಗಲಿಲ್ಲ. ಆಮೇಲೆ ಟ್ರ್ಯಾಕ್ಟರು ಜಿಗಿಯಿತು.

"ಇನ್ನೂ ಸ್ವಲ್ಪ ಉಳಿದೈತಿ ಕಾಣ್ತದ," ಅಂದರು.

ಮತ್ತೆ ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ನಾನು ಓಡಿಸಿದರೆ ಬೆಣ್ಣೆ. ಅವರು ಓಡಿಸಿದರೆ ಜಿಗಿತ. ನನ್ನ ತೂಕ ಜಾಸ್ತಿ, ಅವರದು ಕಡಿಮೆ, ಸೀಟಿನ ಸ್ಪ್ರಿಂಗಿನಿಂದ ಸರಳು ಎಳೆಯುತ್ತಿರಬಹುದೇ ಎಂದು ಒಂದು ಸಿದ್ಧಾಂತ ಕಟ್ಟಿದೆ. ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ನೆಲದಿಂದ ಎತ್ತಿಟ್ಟು, ಆಂಟಿಯನ್ನು ಮೇಲೆ ಕೂರಿಸಿ, ನಾನು ಪಕ್ಕದಲ್ಲಿ ಮಂಡಿಯೂರಿ ಟಾರ್ಚು ಹಿಡಿದೆ. "ಆಂಟಿ, ಮೆಲ್ಲಗೆ ಒತ್ತಿ. ತುಂಬ ಮೆಲ್ಲಗೆ."

ತಗಡು ಅಲುಗಲಿಲ್ಲ. ಕೀಲು ಬಿಗಿದಿದೆಯೇ ಎಂದು ಬೆರಳಿಂದ ಮುಟ್ಟಿದೆ, ಸಡಿಲವಾಗಿಯೇ ಇತ್ತು. ಸರಳಿನುದ್ದಕ್ಕೂ ಟಾರ್ಚು ಹಾಯಿಸುತ್ತ ಪೆಡಲಿನವರೆಗೆ ಬಂದೆ. ಅಲ್ಲಿಂದ ಬೆಳಕು ಆಂಟಿಯ ಬಿಳಿ ಶೂ ಮೇಲೆ ಬಿತ್ತು. ಗಾಳಿಯಿರಲಿಲ್ಲ. ಆದರೂ ಶೂ ಲೇಸಿನ ತುದಿ ಅಲ್ಲಾಡುತ್ತಿತ್ತು. ಪಾದ ಪೆಡಲಿನ ಮೇಲೆ ಸಣ್ಣಗೆ ತಟತಟ ಬಡಿಯುತ್ತಿತ್ತು, ಮುಂದಕ್ಕೆ ಹೋಗಲು ಒಲ್ಲದೆ ನಿಂತಿತ್ತು. ಮೇಲೆ ಆಂಟಿಯ ತೊಡೆ ಬಿಗಿಯುತ್ತಿರುವುದು ಕಾಣುತ್ತಿತ್ತು. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಪಾದ ಒಮ್ಮೆಗೇ ಪೂರ್ತಿ ಒತ್ತಿತು. ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು. ಸರಳೂ ತಗಡೂ ಆ ಪಾದ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದವು.

ಭೂಕಂಪ, ಸುಂಟರಗಾಳಿ, ಕೆಲಸ ಹೋಗುವುದು, ಆಂಟಿ ಬಿದ್ದು ಸೊಂಟ ಮುರಿಯುವುದು, ಎಲ್ಲದಕ್ಕೂ ನಾನು ಮುಂಗಡವಾಗಿ ಚಿಂತಿಸಿದ್ದೆ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆಂಟಿ ಎಂಜಿನ್ ಆರಿಸಿ ಇಯರ್‌ಮಫ್ ತೆಗೆದರು. "ಮಾರಿ ಯಾಕೋ ಹಂಗಾತು? ಹಾವು ಗೀವು ಕಂಡ್ಯೇನು?"

ನಾನು ನೋಡುತ್ತಿದ್ದ ಕಡೆ ಅವರೂ ನೋಡಿದರು. ತಮ್ಮ ಪಾದವನ್ನೇ, ಬೇರೆ ಯಾರದೋ ಪಾದ ತಮ್ಮ ಮನೆಯೊಳಗೆ ಬಂದು ಕೂತ ಹಾಗೆ, ನೋಡಿದರು. ಕೈಯಿಂದ ಮಂಡಿಯನ್ನು ಒತ್ತಿ ಹಿಡಿದರು. ಅದು ನಿಲ್ಲಲಿಲ್ಲ.

"ಒಮ್ಮೊಮ್ಮೆ ಬಾಗಿಲು ದಾಟುವಾಗ ಕಾಲು ನೆಲಕ್ಕ ಹತ್ತಿಕೊಂಡಂಗ ಆಗ್ತದ," ಅಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಬಲ್ಲರೆಂಬುದೇ ನನಗೆ ಗೊತ್ತಿರಲಿಲ್ಲ. "ವಯಸ್ಸಾತು, ಅದಕ್ಕ ಅಂದ್ಕೊಂಡಿದ್ನಿ." ಆಮೇಲೆ ನನ್ನ ಮುಖ ನೋಡಿ, "ಪಾಪ, ಸುಳ್ಳ ಸುಳ್ಳ ಚಿಂತಿ ಮಾಡ್ಕೋತ ಇದ್ದಿ. ಈಗ ಖರೇದೊಂದು ಸಿಕ್ತು ನೋಡು ನಿನಗ," ಅಂದರು.

ಮಾರನೇ ದಿನವೇ ಶನಿವಾರ. ನಾನು ಹೇಡಿಯ ಉಪಾಯವೊಂದನ್ನು ಮುಂದಿಟ್ಟೆ: "ಆಂಟಿ, ನಾಳೆ ನಾನೇ ಓಡಿಸಿ ತೋರಿಸ್ತೀನಿ. ಟ್ರ್ಯಾಕ್ಟರ್ ಉಳಿಯತ್ತೆ. ಡಾಕ್ಟರ್ ವಿಷಯ ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು." ಆಂಟಿ ಸ್ವಲ್ಪ ಹೊತ್ತು ತಮ್ಮ ಮೆಣಸಿನ ಸಾಲುಗಳನ್ನು ನೋಡಿದರು. "ಹಂಗ ಮಾಡು. ನೀನ ಓಡಿಸಿ ತೋರಿಸು," ಅಂದರು.

ನಾನು ಮನೆಗೆ ಬಂದು ಅದಕ್ಕೂ ಆಘಾತಪಟ್ಟೆ. ಮೊಸರಬುತ್ತಿಯ ಆಂಟಿ ಹೂಂ ಅಂದರಲ್ಲ! ಆದರೆ ಎದುರಿಗಿದ್ದದ್ದು ಅವರ ಮನೆ, ಅವರ ಮಣ್ಣು. ಅಷ್ಟಕ್ಕೆ ಯಾರಾದರೂ ಒಂದು ದಿನ ಸುಮ್ಮನಿರಬಹುದು ಎಂದು ಸಮಾಧಾನ ಹೇಳಿಕೊಂಡೆ.

ಮಗಳು ಹತ್ತು ಗಂಟೆಗೆ ಬಂದಳು. ಆಸ್ಟಿನ್ ಕಡೆಯಿಂದ ಮೂರೂವರೆ ತಾಸು ಡ್ರೈವ್ ಮಾಡಿ ಬಂದವಳು ಚಹಾ ಕೂಡ ಕುಡಿಯದೆ ಹಿತ್ತಲಿಗೆ ನಡೆದಳು. ಕೈ ಕಟ್ಟಿ ನಿಂತಳು. ನಾನು ಹತ್ತಿ ಓಡಿಸಿದೆ. ಮೆಣಸಿನ ಸಾಲಿನ ಪಕ್ಕ ಬಸವನ ಹುಳುವಿನ ಹಾಗೆ ಹೋಗಿ, ತಿರುಗಿ ಬಂದು, ಅವಳ ಕಾಲ ಬಳಿ ಮೊಟ್ಟೆ ಇಟ್ಟಷ್ಟು ಮೆತ್ತಗೆ ನಿಲ್ಲಿಸಿದೆ.

"ವಾವ್," ಅಂದಳು ಮಗಳು. "ಅಂಕಲ್, ಸೀರಿಯಸ್ಲಿ?" ನನಗಿಂತ ಅವಳು ನಾಲ್ಕಾರು ವರ್ಷ ಚಿಕ್ಕವಳಷ್ಟೆ; ಆ ಅಂಕಲ್ ಇವತ್ತಿಗೂ ಚುಚ್ಚುತ್ತದೆ. ತಾಯಿಯ ಕಡೆ ತಿರುಗಿ, "ಓಕೆ ಅವ್ವಾ. ಯು ವಿನ್. ಇಟ್ಕೋ," ಅಂದಳು.

ಮುಗಿಯಿತು. ಗೆದ್ದೆವು. ನಾನು ಇಳಿಯುತ್ತಿದ್ದೆ.

"ತಡಿ," ಅಂದರು ಆಂಟಿ. "ಇನ್ನೂ ಮುಗಿದಿಲ್ಲ." ನನ್ನನ್ನು ಪಕ್ಕಕ್ಕೆ ಸರಿಸಿ ತಾವು ಹತ್ತಿದರು. ಮಗಳಿಗೆ, "ದೂರ ನಿಂದ್ರು. ನನ್ನ ಕಾಲ ನೋಡು, ಗಾಡಿ ನೋಡಬ್ಯಾಡ," ಅಂದರು. ಪೆಡಲ್ ಒತ್ತಿದರು. ಅದೇ ನಿಲುವು, ಅದೇ ನಡುಕ, ಅದೇ ಜಿಗಿತ. ಚಹಾದ ತಟ್ಟೆ ಹಿಡಿದು ಬೇಲಿಯ ಸಂದಿಯಲ್ಲಿ ಬರುತ್ತಿದ್ದ ನನ್ನ ಹೆಂಡತಿ ಕಿರುಚಿದಳು. ಆಂಟಿ ಎಂಜಿನ್ ಆರಿಸಿದರು.

"ನೋಡಿದಿ? ಇದು ಮಷೀನ್ ಮಾಡಿದ್ದಲ್ಲ. ಬೇಲಿ ಮುರದ ದಿವಸ ನೀನೂ ಗಾಡಿ ಕೆಟ್ಟೈತಿ ಅಂದಿ, ನಾನೂ ಹೂಂ ಅಂದ್ನಿ. ಕೀಲು ಬಿಗಿದದ್ದು ನನ್ನ ಪೂಜಾದಿಂದ, ಅದನ್ನ ಇಂವಾ ಬಿಡಿಸಿದಾ. ಉಳಿದದ್ದು ನನ್ನ ಕಾಲು. ಅದಕ್ಕ ಮೊದಲ ಇವನ ಕಡೆ ಓಡಿಸಿದ್ನಿ. ಗಾಡಿ ಮ್ಯಾಲಿನ ಅಪವಾದ ಹೋಗಬೇಕಿತ್ತು."

ಮಗಳ ಬಾಯಿ ತೆರೆದೇ ಇತ್ತು. ನನ್ನದೂ. ಅವಳು ಮುಂದೆ ಹೋಗಿ ತಾಯಿಯ ಮಂಡಿಯ ಮೇಲೆ ಎರಡೂ ಕೈ ಇಟ್ಟಳು. ಇಂಗ್ಲಿಷ್ ಎಲ್ಲ ಎಲ್ಲೋ ಹೋಗಿತ್ತು. "ಅವ್ವಾ, ನನಗ್ಯಾಕ ಹೇಳ್ಲಿಲ್ಲಬೇ ನೀನು?"

"ನನಗ ಗೊತ್ತಾದದ್ದು ನಿನ್ನೆ. ಇವತ್ತ ಹೇಳಾಕತ್ತೀನಿ. ಇದಕ್ಕಿಂತ ಲಗೂ ಹೆಂಗ ಹೇಳ್ಲಿ?"

ಹ್ಯೂಸ್ಟನ್ನಿನ ದೊಡ್ಡ ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂಬ ಹೆಸರು ಹೇಳಿದರು. ಬಲಗಾಲಿನಲ್ಲಿ ಶುರುವಾಗಿದೆ, ಕೈಗಳು ಸದ್ಯಕ್ಕೆ ಚೆನ್ನಾಗಿವೆ, ಮಾತ್ರೆಯಿಂದ ಕೆಲಕಾಲ ಹಿಡಿತದಲ್ಲಿರುತ್ತದೆ ಅಂದರಂತೆ. ಹ್ಯೂಸ್ಟನ್ನಿನಿಂದ ವಾಪಸು ಬರುತ್ತ ತಾಯಿ ಮಗಳು ದಾರಿಯಲ್ಲೆಲ್ಲೋ ಜಗಳವಾಡಿರಬೇಕು, ಅತ್ತಿರಬೇಕು. ಇಬ್ಬರ ಕಣ್ಣೂ ಊದಿದ್ದವು. ಮನೆ ಮಾರುವ ಬೋರ್ಡು ಬರುತ್ತದೆಂದು ನಾನು ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಇಣುಕುತ್ತಿದ್ದೆ. ಬದಲಿಗೆ ಮಗಳ ಫೋನು ಬಂತು.

"ಅಂಕಲ್, ಆ ಪೆಡಲ್ ತೆಗೆದು ಕೈಯಲ್ಲಿ ಓಡಿಸೋ ಹಂಗೆ ಮಾಡಬಹುದಾ?"

ನಾನು ಬೆಚ್ಚಿದೆ. "ನೀವೇ ಬೇಡ ಅಂತಿದ್ರಲ್ಲ!"

"ಅವಳು ಮುಚ್ಚಿಡ್ತಾಳೆ ಅನ್ನೋದೇ ನನ್ನ ಭಯ ಆಗಿತ್ತು. ಕಾಲು ಸರಿ ಇಲ್ಲ ಅಂತ ಗೆದ್ದ ಮೇಲೆ ತಾನೇ ಹೇಳಿದಾಳೆ. ಕೈ ಹೋದ ದಿನಾನೂ ಹೇಳ್ತಾಳೆ. ಐ ಟ್ರಸ್ಟ್ ಹರ್."

ಪೆಡಲಿನ ಸರಳನ್ನು ಕಳಚಿ, ಎಡಗೈ ಬಳಿಗೆ ಬರುವಂತೆ ಉದ್ದನೆಯ ಹಿಡಿಯೊಂದನ್ನು ಊರೊಳಗಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೂರಿಸಿದೆವು. ಸೀಟಿನಿಂದ ಎದ್ದರೆ ಎಂಜಿನ್ ತಾನೇ ಆರುವ ಹಾಗೆ ಸ್ವಿಚ್ಚು. ಆಂಟಿ ಇಳಿಯುವಾಗ ಹತ್ತುವಾಗ ನಾನು ಪಕ್ಕದಲ್ಲಿರಬೇಕೆಂಬ ಕರಾರು. ಆಯುಧ ಪೂಜೆಯ ದಿನ ಆಂಟಿ ಕಾಯಿ ಹಿಡಿದು ಬಂದಾಗ ನಾನು ಟ್ರ್ಯಾಕ್ಟರಿಗೆ ಅಡ್ಡ ನಿಂತೆ. "ಅಂಜಬ್ಯಾಡ, ಈ ಸಲ ನೀರು ನಾನ ಕುಡೀತೀನಿ," ಅಂದರು.

ಹೀಗೆ ಅವರಿಗೆ ಟ್ರ್ಯಾಕ್ಟರಿನ ಮೇಲೆ ಒಂದು ಬೇಸಿಗೆ ಮತ್ತು ಇನ್ನೊಂದರ ಮುಕ್ಕಾಲು ಪಾಲು ಸಿಕ್ಕಿತು. ನಮ್ಮ ಮನೆಗೆ ಪುಂಡಿಪಲ್ಲೆ ಬೇಡವೆಂದರೂ ಬಂತು. ಆ ಎರಡನೇ ಬೇಸಿಗೆಯ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದು ನಡುವೆ ನಿಂತಿತು. ಓಡಿದೆ. ಅರ್ಧ ಹಿತ್ತಲು ಕತ್ತರಿಸಿದ ಹುಲ್ಲು, ಅರ್ಧ ಮೊಣಕಾಲುದ್ದ. ಗಡಿಯಲ್ಲಿ ಟ್ರ್ಯಾಕ್ಟರು. ಆಂಟಿ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗೈಯಿಂದ ಕೀಲಿಕೈ ತೆಗೆದು ನನಗೆ ಕೊಟ್ಟರು.

"ಇವತ್ತ ಕೈ," ಅಂದರು. ಅಷ್ಟೇ. ಮಗಳಿಗೂ ಅದೇ ಎರಡು ಮಾತು, ಅದೇ ಧ್ವನಿಯಲ್ಲಿ ಹೇಳಿದರು. ತಿಂಗಳೊಳಗೆ ಫ್ಲೂಗರ್‌ವಿಲ್‌ಗೆ ಹೋದರು. ಟ್ರ್ಯಾಕ್ಟರನ್ನು ನನ್ನ ಹಿತ್ತಲಿಗೆ ಬಿಟ್ಟು ಹೋದರು.

ಅಲ್ಲಿಂದೀಚೆಗೆ ಆಫೀಸಿನಲ್ಲಿ ಹೊಸದಾಗಿ ಬಿಡುಗಡೆಯಾದ ಸಾಫ್ಟ್‌ವೇರೊಂದು ಕೆಟ್ಟು ಎಲ್ಲರೂ ಹೈದರಾಬಾದ್ ಟೀಮಿನ ಕಡೆ ತಿರುಗುತ್ತಿದ್ದಾಗ, ನನ್ನ ಬಾಯಿಂದ "ಅದು ನಾನು ನೋಡದೆ ಬಿಟ್ಟದ್ದು" ಎಂಬ ಮಾತು ಹೊರಬಿತ್ತು. ಆ ಮೀಟಿಂಗಿನಲ್ಲಿ ಅತಿ ಹೆಚ್ಚು ಆಘಾತವಾದದ್ದು ನನಗೇ. ಕೆಲಸ ಹೋಗಲಿಲ್ಲ. ಒಂದು ವಾರ ನಿದ್ದೆ ಮಾತ್ರ ಹೋಯಿತು.

ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಬಿದ್ದಲ್ಲ, ನ್ಯುಮೋನಿಯಾ ಆಗಿ ಅಲ್ಲ, ನಾನು ಚಿಂತಿಸಿದ ಯಾವುದರಿಂದಲೂ ಅಲ್ಲ. ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಡುವಾಗ ಎದೆ ನಿಂತಿತಂತೆ. ಮಗಳು ಫೋನಿನಲ್ಲಿ ಹೇಳಿದಾಗ ನಾನು "ಹಾಗಲ್ಲ, ಹಾಗಾಗಬಾರದಿತ್ತು," ಅಂತ ಪೆದ್ದನ ಹಾಗೆ ಎರಡು ಸಲ ಅಂದೆ.

ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಸ್ವಲ್ಪ ಮುಂಚೆ. ಮಗಳ ಮನೆಯಲ್ಲಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮುಖ ಬಿಗಿದುಕೊಂಡಿತ್ತು, ಆ ಕಾಯಿಲೆ ಮುಖದ ನಗುವನ್ನೂ ಕಟ್ಟಿಹಾಕುತ್ತದೆ. ಮಾತು ಕಷ್ಟವಾಗಿತ್ತು. ನನಗೆ ಏನು ಹೇಳಬೇಕೋ ತಿಳಿಯದೆ ಬಾಯಿಗೆ ಬಂದದ್ದು ಹೇಳತೊಡಗಿದೆ. ಹೊಸ ಬೇಲಿಯನ್ನು ಮೊನ್ನೆ ನಾನೇ ಗುದ್ದಿ ಮುರಿದೆ, ರಿವರ್ಸ್ ತೆಗೆಯುವಾಗ ಈ ಟ್ರ್ಯಾಕ್ಟರು ಸ್ವಲ್ಪ ಎಡಕ್ಕೆ ಎಳೆಯುತ್ತೆ ಆಂಟಿ, ಹಳೇದಾಯ್ತಲ್ಲ, ಅಂದೆ.

ಮುಖ ಅಲುಗಲಿಲ್ಲ. ಕಣ್ಣು ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿ ನಿಂತಿತು. ತುಟಿ ಕೂಡಿಸಲು ಬಹಳ ಹೊತ್ತು ಹಿಡಿಯಿತು.

"ಎಡಕ್ಕ... ಎಳೀತದ?"

ನಾನು ಕುರ್ಚಿಯಲ್ಲಿ ಸರಿಯಾಗಿ ಕೂತೆ.

"ಇಲ್ಲ ಆಂಟಿ. ನಾನು ಹಿಂದೆ ತಿರುಗಿ ನೋಡಿರಲಿಲ್ಲ."

"ಹಾಂ," ಅಂದರು.